ಜೀರಗಿ ಬಟ್ಟಲಿನ ಬೋಲ್ಟು

ಮೊನ್ನೆ ಸಾರಿಗೆ ಒಗ್ಗರಣೆ ಹಾಕಲೆಂದು ಮಸಾಲೆ ಡಬ್ಬಿಯ ಮುಚ್ಚಳ ತೆಗೆದೆ. ಜೀರಿಗೆಯ ವಾಸನೆ ಬರಬೇಕಾದಲ್ಲಿ ಡೀಸೆಲ್ಲಿನ ವಾಸನೆ ಬಂತು. ಡೀಸೆಲ್ಲು, ಅದರ ಹಿಂದೆ ಹಳೆಯ ಗ್ರೀಸು... ಅದರ ಹಿಂದೆ ಒದ್ದೆ ಎರೆಮಣ್ಣು. ಮಣ್ಣಿನದು ನನ್ನ ಭ್ರಮೆ ಇದ್ದೀತು, ಉಳಿದ ಎರಡು ಭ್ರಮೆಯಲ್ಲ. ನಾನು ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದೆ. ಒಲೆಯ ಮೇಲೆ ಎಣ್ಣೆ ಕಾದು ಹೊಗೆಯಾಡಿತು.

ಇದು ಮಗಳ ಕೆಲಸ. ರಜೆಗೆಂದು ಸಿಂದಗಿಗೆ ಬಂದವಳು ಸುಮ್ಮನೆ ಕೂರುವ ಜಾಯಮಾನದವಳಲ್ಲ, ಥೇಟ್ ನನ್ನ ಹಾಗೆ. ಅಟ್ಟದ ಮೂಲೆಯಲ್ಲಿದ್ದ ಡಬ್ಬಿಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಬಟ್ಟಲುಗಳಲ್ಲಿ ಸಾಸಿವೆ, ಜೀರಿಗೆ, ಅರಿಷಿಣ ತುಂಬಿಟ್ಟಿದ್ದಾಳೆ. ಒಳಗಿದ್ದ ಒಂದೇ ಒಂದು ಬೋಲ್ಟನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಾಳೆ. ಎಷ್ಟು ತಿಕ್ಕಿದರೇನು, ಮುಚ್ಚಳದ ಅಂಚಿನ ಮಡಿಕೆಯಲ್ಲಿ ಕೂತ ಗ್ರೀಸು ಹೋಗುವುದಿಲ್ಲ. ಅದು ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಿಂದೆ ನಾನೂ ತಿಕ್ಕಿ ನೋಡಿದ್ದೇನೆ.

ನನಗೆ ಮೊದಲ ಸಲ ನೌಕರಿ ಸಿಕ್ಕಿದ್ದು ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಒಂಟಿ ಹೆಣ್ಣುಮಗಳಿಗೆ ಊರೊಳಗೆ ಬಾಡಿಗೆ ಮನೆ ಸಿಗಲಿಲ್ಲ. ಊರಾಚೆಯ ಹೊಲದಲ್ಲಿ ಮನೆ ಮಾಡಿಕೊಂಡಿದ್ದ ಗಂಡಹೆಂಡತಿ ಒಂದು ಕೋಣೆ ಬಿಟ್ಟುಕೊಟ್ಟರು. ಊರವರೆಲ್ಲ ಅವರನ್ನು ಕಾಕಾ, ಕಾಕು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮಕ್ಕಳಿರಲಿಲ್ಲ. ಕನ್ನಡದಲ್ಲಿ ಸಂಸಾರ ಮಾಡುತ್ತಿದ್ದರು, ಮರಾಠಿಯಲ್ಲಿ ಜಗಳಾಡುತ್ತಿದ್ದರು. ನನಗೆ ಅರ್ಥವಾಗಬಾರದೆಂದು ಮರಾಠಿ ಹಿಡಿಯುತ್ತಿದ್ದರೇನೋ, ಆದರೆ ನಮ್ಮ ತವರು ಮಹಾರಾಷ್ಟ್ರದ ಗಡಿಯ ಚಡಚಣದ ಕಡೆಯದು. ಎಲ್ಲಾ ಅರ್ಥವಾಗುತ್ತಿತ್ತು, ನಾನು ಹೇಳಲಿಲ್ಲ ಅಷ್ಟೆ.

ಆ ಮನೆಯಿಂದ ಡಾಂಬರು ರಸ್ತೆ ಸೇರಬೇಕೆಂದರೆ ಡೋಣಿ ಹೊಳೆ ದಾಟಿ, ಎರೆ ಹೊಲಗಳ ನಡುವಿನ ದಾರಿಯಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಆ ಮಣ್ಣು ಮಳೆಗಾಲದಲ್ಲಿ ಹಿಡಿದವರನ್ನು ಬಿಡುವುದಿಲ್ಲ. ಬೈಕು ಹೂತುಹೋಗುತ್ತದೆ, ಚಪ್ಪಲಿ ಕಾಲಿನಿಂದ ಕಿತ್ತುಕೊಂಡು ಹೋಗುತ್ತದೆ. ಕಾಕುಗೆ ದಮ್ಮಿನ ಕಾಯಿಲೆ ಇತ್ತು. ಉಸಿರು ಸಿಕ್ಕಿಕೊಂಡರೆ ಬಾಗೇವಾಡಿಯ ಆಸ್ಪತ್ರೆಗೆ ಓಡಬೇಕು. ಅದಕ್ಕಾಗಿಯೇ ಕಾಕಾ ತಮ್ಮ ಎತ್ತುಗಳನ್ನು ಮಾರಿ, ನಾಲ್ಕೂ ಗಾಲಿ ಎಳೆಯುವ ಒಂದು ಹಳೆಯ ಡೀಸೆಲ್ ಜೀಪು ತಂದಿದ್ದರು. ಅದು ಯಾವ ಕೆಸರಿಗೂ ಹೆದರುತ್ತಿರಲಿಲ್ಲ. ಆ ಮನೆಯಲ್ಲಿ ಜೀಪು ಇರುವುದೆಂದರೆ ಕಾಕುಗೆ ಉಸಿರು ಇರುವುದೆಂದೇ ಅರ್ಥ.

ಹಾಗಾಗಿ ಕಾಕಾ ಅದನ್ನು ಯಾವ ಮಿಸ್ತ್ರಿಯ ಕೈಗೂ ಕೊಡುತ್ತಿರಲಿಲ್ಲ. ಎಲ್ಲ ತಾವೇ ಬಿಚ್ಚಬೇಕು, ತಾವೇ ಜೋಡಿಸಬೇಕು. ಅದೂ ಸೋಮವಾರ ಮಾತ್ರ. ಆ ಕಡೆ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ, ಅದು ಬಸವಣ್ಣನಿಗೆ ಬಿಟ್ಟ ದಿನ. ಎತ್ತು ಮಾರಿದರೂ ಕಾಕಾನ ಸೋಮವಾರ ಹೋಗಿರಲಿಲ್ಲ.

“ಊರ ಎತ್ತಿಗೆಲ್ಲಾ ಬಿಡುವು ಐತಿ, ನನ್ನ ಎತ್ತೇನ ಪಾಪ ಮಾಡೇತಿ?” ಎನ್ನುತ್ತಿದ್ದರು.

“ವಿಠ್ಠಲಾ, ಈ ಮನಷ್ಯಾಗ ಎತ್ತಿಗೂ ಜೀಪಿಗೂ ಫರಕ್ ತಿಳಿಯಂಗಿಲ್ಲ,” ಎಂದು ಕಾಕು ನನ್ನತ್ತ ನೋಡಿ ನಗುತ್ತಿದ್ದರು.

ನಗುತ್ತಲೇ ಮಸಾಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಜೀಪನ್ನು ಕಟ್ಟೆಗೆ ತಾಗಿಸಿಯೇ ತಗಡಿನ ಚಪ್ಪರದಡಿ ನಿಲ್ಲಿಸುವುದು. ಕಾಕಾ ಬಿಚ್ಚಿದ ಒಂದೊಂದು ನಟ್ಟು ಬೋಲ್ಟನ್ನೂ ಕಾಕು ಒರೆಸಿ, ಬೇರೆ ಬೇರೆ ಬಟ್ಟಲಿಗೆ ಹಾಕುತ್ತಿದ್ದರು. ಡಬ್ಬಿ ಅಡುಗೆಮನೆ ಬಿಟ್ಟು ಬಂದರೂ ಬಟ್ಟಲುಗಳ ಹೆಸರು ಬದಲಾಗಿರಲಿಲ್ಲ. ಗಾಲಿಯ ನಟ್ಟು ಸಾಸಿವೆಯ ಬಟ್ಟಲಲ್ಲಿ, ವಾಷರು ಅರಿಷಿಣದ್ದರಲ್ಲಿ, ಗಾಲಿಯ ನಡುವಿನ ಹಬ್ ಮುಚ್ಚುವ ಬೋಲ್ಟುಗಳು ಜೀರಿಗೆಯದ್ದರಲ್ಲಿ. ಜೋಡಿಸುವಾಗ ಕಾಕಾ ತಿರುಗಿ ನೋಡುತ್ತಲೇ ಇರಲಿಲ್ಲ. ಬೆನ್ನ ಹಿಂದೆ ಕೈ ಚಾಚಿ “ಜೀರಗಿ” ಎಂದರೆ ಸಾಕು, ಅಂಗೈ ಮೇಲೆ ಬೋಲ್ಟು ಬೀಳುತ್ತಿತ್ತು. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು. ಇಷ್ಟು ಶಿಸ್ತಿನ ಪ್ರಯೋಗ ನಮ್ಮ ಶಾಲೆಯಲ್ಲಿ ಎಂದೂ ನಡೆಯಲಿಲ್ಲ.

ಕಾಕುಗೆ ಆಸ್ಪತ್ರೆಯ ದಾರಿ ಎಂದರೆ ಆಗುತ್ತಿರಲಿಲ್ಲ. ಒಮ್ಮೆ ಜೀಪಿನಲ್ಲಿ ಹಾಗೆ ಹೋಗಿ ಉಳಿದು ಬಂದಿದ್ದರಂತೆ. ಆಮೇಲೆ ಆ ಮಾತು ಬಂದಾಗಲೆಲ್ಲ, “ಆ ಕುಲುಕಾಟದಾಗ ಮಾತ್ರ ಸಾಯಂಗಿಲ್ಲ ನಾ. ಸತ್ರ ಈ ಕಟ್ಟಿ ಮ್ಯಾಲ ಸಾಯ್ತೇನಿ,” ಎನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದದ್ದು. ನಾವು ಮೂವರೂ ನಗುತ್ತಿದ್ದೆವು...

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಜೀಪು ಎರಡು ಮೂರು ಸಲ ಡೋಣಿಯ ನೀರು ದಾಟಿ ಬಂದಿತ್ತು. “ಎಡಗಡಿ ಗಾಲಿ ಅಳಾಕತ್ತೇತಿ, ಕೇಳ್ರಿ,” ಎಂದು ಮೊದಲು ಹೇಳಿದವರು ಕಾಕುವೇ. ಕಾಕಾನ ಕಿವಿಗೆ ಕೇಳಿರಲಿಲ್ಲ, ನನಗಂತೂ ಎಂಜಿನ್ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಕಾಕಾ ಗಾಲಿ ಎತ್ತಿ ಕೈಯಿಂದ ತಿರುವಿ ನೋಡಿದರು. ನಿಜವೇ. ಒಳಗೆ ನೀರು ಕೆಸರು ಸೇರಿ ಬೇರಿಂಗು ಕೊರಗುತ್ತಿತ್ತು. ಹಾಗೇ ಓಡಿಸಿದರೆ ಬೇಕಾದ ದಿನವೇ ದಾರಿಯಲ್ಲಿ ಕೈಕೊಡುತ್ತದೆ. ಹಾಗಾಗಿ ಸೋಮವಾರ ಮುಂದಿನ ಎರಡೂ ಗಾಲಿ ಬಿಚ್ಚಿ, ಬೇರಿಂಗು ತೊಳೆದು, ಹೊಸ ಗ್ರೀಸು ತುಂಬುವುದೆಂದು ಇಬ್ಬರೂ ಕೂಡಿಯೇ ತೀರ್ಮಾನಿಸಿದರು. ಕಾಕುಗಾಗಿಯೇ ಬಿಚ್ಚಿದ್ದು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಊರಿನ ಕೆಲವರು ಬೇರೆ ರೀತಿ ಆಡಿಕೊಂಡರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ಸೋಮವಾರ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಬೆಳಗ್ಗೆ ಕಾಕು ಚೆನ್ನಾಗಿಯೇ ಇದ್ದರು. ಬಲಗಡೆಯ ಗಾಲಿ ಮುಗಿಯುವ ಹೊತ್ತಿಗೆ ಉಸಿರು ಎಳೆಯತೊಡಗಿತು. ಬಾಯಿಗೆ ಹೊಡೆದುಕೊಳ್ಳುವ ಪಂಪಿನಿಂದ ಏನೂ ಆಗಲಿಲ್ಲ. ನಾನು ಫೋನು ಮಾಡಿದರೆ, ಡಾಂಬರು ರಸ್ತೆಯವರೆಗೆ ಕರೆದುಕೊಂಡು ಬನ್ನಿ ಎಂದರು ಆಂಬುಲೆನ್ಸಿನವರು. ಪಕ್ಕದ ಹೊಲದವರ ಟ್ರ್ಯಾಕ್ಟರು ಹಿಂದಿನ ದಿನವೇ ಕೆಸರಲ್ಲಿ ಹೂತು ಕೂತಿತ್ತು. ನಮ್ಮ ಜೀಪಿನ ಎಡಗಡೆ ಗಾಲಿಯೋ, ಬಿಚ್ಚಿದಂತೆಯೇ ಕಟ್ಟೆಗೆ ಒರಗಿ ನಿಂತಿತ್ತು.

ಕಾಕಾ ಕೂಡಲೇ ಜೋಡಿಸತೊಡಗಿದರು. ಕಾಕು ಒಳಗೆ ಮಲಗಲು ಒಪ್ಪಲಿಲ್ಲ. ಡಬ್ಬಿ ಬಿಡಲೂ ಒಪ್ಪಲಿಲ್ಲ. ನಾನು ಅವರ ಹಿಂದೆ ಕೂತು, ಅವರ ಬೆನ್ನನ್ನು ಎದೆಗೆ ಒರಗಿಸಿಕೊಂಡೆ. ಅವರ ಪ್ರತಿ ಉಸಿರೂ ನನ್ನ ಮೈಯೊಳಗೇ ಎಳೆದಂತಾಗುತ್ತಿತ್ತು. ನಟ್ಟು ಬಿಗಿಯುವ ಪಾನಾ ಕಾಕಾನ ಕೈಯಿಂದ ಜಾರುವುದನ್ನು ನಾನು ಅಂದೇ ಮೊದಲು ನೋಡಿದ್ದು. ಕಾಕುವೂ ನೋಡಿದರು.

“ಸಾವಕಾಶ ಮಾಡ್ರಿ,” ಎಂದರು. ನಡುವೆ ಎಷ್ಟೋ ಹೊತ್ತು ಉಸಿರಿಗೆ ತಡಕಾಡಿ, “ನಾ ಎಲ್ಲಿ ಹೊಂಟೇನಿ,” ಎಂದರು.

ಬೇರಿಂಗು ಕೂತಿತು, ಗಾಲಿ ಏರಿತು, ಸಾಸಿವೆಯ ಬಟ್ಟಲು ಖಾಲಿಯಾಯಿತು. ಕೊನೆಗೆ ಹಬ್ ಮುಚ್ಚುವ ಆರು ಬೋಲ್ಟು ಮಾತ್ರ ಉಳಿದವು. ಕಾಕಾ ಹಿಂದಕ್ಕೆ ಕೈ ಚಾಚಿ “ಜೀರಗಿ” ಎಂದರು. ಕಾಕು ಕೊಟ್ಟರು. ಮತ್ತೆ “ಜೀರಗಿ”. ಕೊಟ್ಟರು. ಹೀಗೇ ಐದು ಬಿಗಿಯಾದವು. ಆರನೆಯದಕ್ಕೆ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

“ಇನ್ನೊಂದು ಜೀರಗಿ ಎಲ್ಲೈತಿ? ತಂಗಿ, ನೋಡು ಬಟ್ಟಲದಾಗ.”

ನಾನು ಕಾಕುವಿನ ಭುಜದ ಮೇಲಿನಿಂದ ಬಗ್ಗಿ ನೋಡಿದೆ. ಬಟ್ಟಲು ಬರಿದಾಗಿತ್ತು. ಬೋಲ್ಟು ಕೆಳಗೆ ಬಿದ್ದಿರಬೇಕೆಂದು ಕಾಕಾ ಕೆಸರಿನಲ್ಲಿ ಎರಡೂ ಕೈಯಿಂದ ಹುಡುಕಿದರು, ಜೀಪಿನ ಅಡಿಗೆ ತೂರಿದರು, ಬೇರಿಂಗು ತೊಳೆದ ಡೀಸೆಲ್ಲಿನ ತಟ್ಟೆ ಬೋರಲು ಹಾಕಿದರು. ನನ್ನ ಎದೆಗೆ ಒರಗಿದ್ದ ಮೈ ಭಾರವಾಗಿದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ಎಳೆಯುವ ಸದ್ದು ನಿಂತಿತ್ತು. ಕಡಿಮೆಯಾಯಿತು ಎಂದೇ ಅಂದುಕೊಂಡೆ ನಾನು... ಒಂದು ಗಳಿಗೆ ಖುಷಿಯೂ ಆಯಿತು.

ಬೋಲ್ಟು ಕಾಕುವಿನ ಬಲಗೈಯ ಮುಷ್ಟಿಯಲ್ಲಿತ್ತು. ಕಾಕಾ ಒಂದೊಂದೇ ಬೆರಳು ಬಿಡಿಸಿ ತೆಗೆದರು. ಅಳಲಿಲ್ಲ. ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿ, “ಐದು ಬೋಲ್ಟಿನ ಮ್ಯಾಲೂ ಓಡತಿತ್ತು. ಹಿಂದ ಓಡಿಸೇನಿ ನಾ,” ಎಂದರು. ಆಮೇಲೆ ನನ್ನನ್ನು ನೋಡಿದರು.

“ಕೊಡಾಕ ಹಿಡಿದಿದ್ಲೋ, ಕೊಡಬಾರದಂತ ಹಿಡಿದಿದ್ಲೋ? ನಿನ್ನ ಮೈಗೇ ಒರಗಿದ್ಲಲ್ಲ, ನಿನಗ ತಿಳೀಲಿಲ್ಲೇನು ತಂಗಿ?”

ನನಗೆ ತಿಳಿದಿರಲಿಲ್ಲ. ಹಾಗೆಯೇ ಹೇಳಿದೆ.

ಕಟ್ಟೆ ಮ್ಯಾಲ ಸಾಯ್ತೇನಿ ಎಂಬ ಆ ತಮಾಷೆಯ ಮಾತು ನಮ್ಮಿಬ್ಬರಿಗೂ ನೆನಪಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ಆ ಮನೆಯಲ್ಲಿ ಅದು ನಮ್ಮ ಜೊತೆಗೇ ಉಳಿಯಿತು. ಚಹಾ ಕುಡಿಯುವಾಗ ಕಾಕಾ ಇದ್ದಕ್ಕಿದ್ದಂತೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಪ್ರಶ್ನೆ ಮತ್ತೆ ಬಂತೆಂದು ನಾನು ಲೋಟ ಕೆಳಗಿಡುತ್ತಿದ್ದೆ. ಅವರು ಸಕ್ಕರೆ ಕೇಳುತ್ತಿದ್ದರು.

ಸೋಮವಾರಗಳು ಮಾತ್ರ ನಿಲ್ಲಲಿಲ್ಲ. ಕಾಕಾ ಡಬ್ಬಿಯನ್ನು ಕಾಕು ಕೂರುತ್ತಿದ್ದ ಜಾಗದಲ್ಲೇ ಇಟ್ಟು ಎಡಗಡೆಯ ಗಾಲಿ ಬಿಚ್ಚುತ್ತಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ಬಿಚ್ಚುವುದು, ತೊಳೆಯುವುದು, ಗ್ರೀಸು ತುಂಬುವುದು, ಜೋಡಿಸುವುದು. ಆರನೆಯ ತೂತಿಗೆ ಬೋಲ್ಟು ಹಾಕುತ್ತಿರಲಿಲ್ಲ, ಅದು ಡಬ್ಬಿಯಲ್ಲೇ ಇರುತ್ತಿತ್ತು. ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಕಟ್ಟೆಯ ಕಡೆಯ ಸೀಟನ್ನು ಒರೆಸಿ, ಸ್ಟೀರಿಂಗ್ ಹಿಡಿದು ಕಾಯುತ್ತಿದ್ದರು. ನಾನು ಕೋಣೆಯಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ, ಕಿಟಕಿಯ ಕಡೆ ನೋಡಬಾರದೆಂದುಕೊಂಡು ನೋಡುತ್ತಿದ್ದೆ.

ಒಂದು ಸೋಮವಾರ ಕಾಕಾ ರೂಢಿಯಂತೆ ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದರು. “ಜೀರಗಿ” ಎಂದರು. ಕಟ್ಟೆಯ ಮೇಲೆ ಡಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ಕೈ ಹಾಗೇ ಚಾಚಿತ್ತು. ಸ್ವಲ್ಪ ಹೊತ್ತಿಗೆ ಬೆರಳುಗಳು, ಅಂಗೈಗೆ ಏನೋ ಬಿದ್ದಂತೆ, ಮೆಲ್ಲಗೆ ಮುಚ್ಚಿಕೊಂಡವು. ಅವರು ಕೈ ಮುಂದಕ್ಕೆ ತೆಗೆದುಕೊಂಡು ಪಾನಾ ಹಿಡಿದರು. ನಾನು ಕಿಟಕಿ ಮುಚ್ಚಿ ಚಿಲಕ ಹಾಕಿದೆ. ವಿಜ್ಞಾನ ಹೇಳುವವಳು ನಾನು, ದೆವ್ವಭೂತ ನಂಬಬೇಡಿ ಎಂದು ಮಕ್ಕಳಿಗೆ ಬಯ್ಯುವವಳು. ಅದೇ ವಾರ ವರ್ಗಾವಣೆಗೆ ಅರ್ಜಿ ಹಾಕಿದೆ.

ಸಿಂದಗಿಗೆ ಹೊರಟ ದಿನ ಕಾಕಾ ನನ್ನನ್ನು ಜೀಪಿನಲ್ಲೇ ಡಾಂಬರು ರಸ್ತೆಯವರೆಗೆ ಬಿಟ್ಟರು. ಐದರ ಮೇಲೆಯೇ ಅದು ಚೆನ್ನಾಗಿ ಓಡಿತು. ಬಸ್ಸು ಬರುವಾಗ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದರು. “ಇದು ಇಲ್ಲಿದ್ರ ನಾ ಕೇಳೂದು ಬಿಡಂಗಿಲ್ಲ. ನೀ ಒಯ್ಯಿ,” ಎಂದರು. ಒಳಗೆ ಬೋಲ್ಟು ಬಟ್ಟಲಿನಿಂದ ಬಟ್ಟಲಿಗೆ ಉರುಳಿ ಸದ್ದು ಮಾಡುತ್ತಿತ್ತು. ಸಿಂದಗಿಯವರೆಗೂ ಮಾಡಿತು.

ಕಾಕಾ ಹೋದ ಸುದ್ದಿ ಕೆಲವು ವರ್ಷಗಳ ಮೇಲೆ ತಡವಾಗಿ ತಿಳಿಯಿತು. ಜೀಪನ್ನು ದ್ರಾಕ್ಷಿ ತೋಟದ ಯಾರೋ ಕೊಂಡರಂತೆ. ಒಮ್ಮೆ ಇಂಡಿ ಪಟ್ಟಣದ ಬಸ್ ನಿಲ್ದಾಣದ ಹೊರಗೆ ದ್ರಾಕ್ಷಿ ಬುಟ್ಟಿ ಹೇರಿಕೊಂಡ ಅಂಥದೇ ಜೀಪು ಹಾದುಹೋಯಿತು. ಎಡಗಡೆಯ ಗಾಲಿ ಅಳುತ್ತಿತ್ತು. ಎಂಜಿನ್ ಸದ್ದು ಬಿಟ್ಟರೆ ಏನೂ ಕೇಳದ ನನ್ನ ಕಿವಿಗೂ ಅದು ಕೇಳಿತು. ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಹಬ್ಬಿನ ತುಂಬ ಮಣ್ಣು ಮೆತ್ತಿತ್ತು, ಬೋಲ್ಟು ಐದೋ ಆರೋ ಕಾಣಲಿಲ್ಲ.

ಮೊನ್ನೆ ಒಗ್ಗರಣೆ ಸೀದ ವಾಸನೆಗೆ ಮಗಳು ಒಳಗೆ ಬಂದಳು. ನಾನು ಡಬ್ಬಿಯ ಮುಂದೆ ನಿಂತದ್ದನ್ನು ನೋಡಿ, ಕಿಟಕಿಯಿಂದ ಬೋಲ್ಟು ತೆಗೆದುಕೊಂಡು, “ಇದು ಬೇಕೇನವ್ವಾ, ಇಲ್ಲಾ ಹೊರಗ ಒಗೀಲಿ?” ಎಂದಳು. ನಾನು ಕೈ ಚಾಚಿದೆ. ಅವಳು ಅಂಗೈ ಮೇಲಿಟ್ಟಳು. ಕಬ್ಬಿಣ ತಣ್ಣಗಿತ್ತು.

ಕೈ ತಾನಾಗಿಯೇ ಮುಚ್ಚಿಕೊಂಡಿತು. ನಾನು ಮುಚ್ಚಲಿಲ್ಲ, ಮುಚ್ಚಬೇಕೆಂದು ಅಂದುಕೊಳ್ಳಲೂ ಇಲ್ಲ. “ಯಾಕಷ್ಟು ಬಿಗಿ ಹಿಡದೀ?” ಎಂದು ಮಗಳು ಕೇಳಿದಾಗಲೇ ನನ್ನ ಮುಷ್ಟಿಯನ್ನು ನಾನು ನೋಡಿಕೊಂಡದ್ದು. ಕೊಡಾಕೂ ಅಲ್ಲ, ಕೊಡಬಾರದಂತಲೂ ಅಲ್ಲ ಕಾಕಾ, ಕೈಗೆ ಬಂದದ್ದನ್ನು ಕೈ ಹಿಡಿಯುತ್ತದೆ ಅಷ್ಟೆ... ಇಷ್ಟು ಸಣ್ಣ ಉತ್ತರ. ಹೇಳೋಣವೆಂದರೆ ಕೇಳಿದವರು ಇಲ್ಲ.