ಹಲ್ಲಕ್ಕನೂ ಅತ್ತೆಯ ಗಿಟಾರೂ

ಹಲ್ಲಕ್ಕನ ಎದುರು ನಿಂತು ಮಾತಾಡುವಾಗ ಸ್ವಲ್ಪ ಹುಷಾರಾಗಿರಬೇಕು. ನೀವು ನಿಮ್ಮ ಕಷ್ಟಸುಖ ತೋಡಿಕೊಳ್ಳುತ್ತಿದ್ದರೆ ಆಕೆ ತಲೆಯಾಡಿಸುತ್ತಾ ಕೇಳುತ್ತಾಳೆ, ಅದು ನಿಜ. ಆದರೆ ಕಣ್ಣು ಮಾತ್ರ ನಿಮ್ಮ ಬಾಯೊಳಗೇ ಇರುತ್ತದೆ. ಮೇಲಿನ ಸಾಲಿನಲ್ಲಿ ಯಾವುದು ಸ್ವಂತದ್ದು, ಯಾವುದು ಕಟ್ಟಿಸಿದ್ದು, ಕಟ್ಟಿಸಿದ್ದಾದರೆ ಯಾರ ಕೈಕೆಲಸ ಎಂಬುದೆಲ್ಲ ನಿಮ್ಮ ಗೋಳು ಮುಗಿಯುವ ಹೊತ್ತಿಗೆ ಆಕೆಗೆ ಗೊತ್ತಾಗಿರುತ್ತದೆ. ಬೇರೆಯವರ ಕೆಲಸ ಕಂಡರೆ ಸಣ್ಣಗೆ ಮೂಗು ಮುರಿಯುವ ಚಾಳಿಯೂ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹಲ್ಲಿನ ಸೆಟ್ಟು ಮಾಡುವುದು ಆಕೆಯ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಲ್ಲಕ್ಕ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾಳೆ. ಓದು ಅರ್ಧಕ್ಕೆ ನಿಂತಾಗ ಒಂದು ಲ್ಯಾಬಿಗೆ ನೆಲ ಒರೆಸಲು ಸೇರಿದವಳು. ಒರೆಸುತ್ತಾ ಒರೆಸುತ್ತಾ ಕಣ್ಣಲ್ಲೇ ಕೆಲಸ ಕದ್ದಳು. ಮೊದಲು ಪ್ಲಾಸ್ಟರ್ ಕಲಸಿದಳು, ಆಮೇಲೆ ಮೇಣಕ್ಕೆ ಬಂದಳು, ಕೊನೆಗೆ ಲೋಹ ಕರಗಿಸುವುದನ್ನೂ ಕಲಿತಳು. ಈಗ ಮನೆಯ ಮುಂದಿನ ಕೋಣೆಯೇ ಅವಳ ಲ್ಯಾಬು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೊಂದು ಗ್ಯಾಸಿನ ಸಣ್ಣ ಉರಿ, ಕೊಕ್ಕೆಗೆ ತೂಗುಬಿಟ್ಟ ಉಜ್ಜುವ ಮೋಟಾರು, ಗೋಡೆಯ ಕಪಾಟಿನ ತುಂಬ ಬಿಳಿ ಪ್ಲಾಸ್ಟರಿನ ದವಡೆಗಳು. ಮೊದಲ ಸಲ ಬಂದವರಿಗೆ ಯಾರೋ ಒಂದು ಗುಂಪು ತಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದೆ ಅನ್ನಿಸುತ್ತದೆ. ಮನೆಯಲ್ಲಿ ಯಾವ ಪಾತ್ರೆಗೆ ಕೈ ಹಾಕಿದರೂ ಬಿಳಿ ಧೂಳು ಎಂದು ಗಂಡ ಗೊಣಗುತ್ತಾನೆ. ಗೊಣಗಿಕೊಂಡೇ ಪಾತ್ರೆ ತೊಳೆಯುತ್ತಾನೆ, ಆದ್ದರಿಂದ ಹಲ್ಲಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅವಳ ಕಸುಬಿಗೆಲ್ಲ ಸೇರಿ ಒಂದೇ ಮಂತ್ರ: ಅಲ್ಲಾಡಬಾರದು. ಕೂರಿಸಿದ ಹಲ್ಲು ಅಲ್ಲಾಡಿದರೆ ಅದು ಕೆಲಸವೇ ಅಲ್ಲ. ಈ ಮಂತ್ರ ತಲೆಗೇರಿ ಕೂತು ಮನೆಯಲ್ಲಿ ಸ್ಟೂಲಿನ ಕಾಲು, ಬಾಗಿಲ ಹಿಡಿ, ಪಾತ್ರೆಯ ಮುಚ್ಚಳದ ಗುಂಡಿ, ಎಲ್ಲವನ್ನೂ ಭದ್ರ ಮಾಡಿಟ್ಟಿದ್ದಾಳೆ.

ಇನ್ನು ಅತ್ತೆ. ಹಲ್ಲಕ್ಕನ ಗಂಡನ ತಾಯಿ ಆಳು ಗಿಡ್ಡ, ಮಾತು ಉದ್ದ. ಮದುವೆಗೆ ಮೊದಲು ಡಾನ್ಸ್ ಹಾಲಿನ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದವರು. ಅಷ್ಟು ಜನ ಗಂಡಸರ ನಡುವೆ ಹೆಣ್ಣೆಂದರೆ ಅವರೊಬ್ಬರೇ. ಮದುವೆಯಾಯಿತು, ಗಂಡನಿಗೆ ಊರಿಂದೂರಿಗೆ ವರ್ಗವಾಯಿತು, ಮಕ್ಕಳಾದವು, ಗಿಟಾರು ಬೀರುವಿನ ಮೇಲೆ ಹತ್ತಿ ಕೂತಿತು. ನುಡಿಸಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೆ ಇಳಿಸಿದಾಗಲೆಲ್ಲ ಅದರದ್ದೊಂದು ಭಾಗ ಕಾಣೆಯಾಗಿರುತ್ತಿತ್ತು. ಕೊನೆಗೆ ಇಳಿಸುವುದನ್ನೇ ಬಿಟ್ಟರು.

ಹೀಗಿರುವಾಗ ಒಂದು ಮಧ್ಯಾಹ್ನ ಹಳೆಯ ಬ್ಯಾಂಡಿನ ಯಜಮಾನರು ಮನೆ ಹುಡುಕಿಕೊಂಡು ಬಂದರು. ಟ್ರಂಪೆಟ್ ಊದುವ ಮುದುಕರು. ಬಹಳ ಕಾಲ ಬೀಗ ಬಿದ್ದಿದ್ದ ಡಾನ್ಸ್ ಹಾಲನ್ನು ಸರಿಪಡಿಸಿ ಮತ್ತೆ ತೆರೆಯುತ್ತಿದ್ದಾರೆ, ತೆರೆಯುವ ಸಂಜೆ ಹಳೆಯ ಬ್ಯಾಂಡೇ ಕೂರಬೇಕು ಎಂದು ಅವರಿಗೆ ಆಸೆ.

"ನಿಮ್ಮ ಕುರ್ಚಿ ಖಾಲಿ ಇದೆ. ಬರ್ತೀರಾ?" ಎಂದರು.

"ಬರದೆ ಏನು! ನಾನಿನ್ನೂ ಇದ್ದೀನಲ್ಲ!" ಎಂದರು ಅತ್ತೆ, ಎರಡನೆಯ ಯೋಚನೆಯಿಲ್ಲದೆ.

ಯಜಮಾನರು ತಮ್ಮ ಮೊಮ್ಮಗನ ಹೊಸ ಗಿಟಾರನ್ನು ಜೊತೆಯಲ್ಲೇ ತಂದಿದ್ದರು. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೈ ಚಾಚಿದರು. ಅದರ ಕುತ್ತಿಗೆ ದಪ್ಪ, ಬೆರಳೊತ್ತುವ ಮೆಟ್ಟುಗಳು ದೂರ ದೂರ. ಮಗುವಿನ ಕೈಯಷ್ಟು ಸಣ್ಣ ಕೈ ಅವರದು, ಅದರ ಮೇಲೆ ವಯಸ್ಸಿನ ಬಿಗಿತ ಬೇರೆ. ಕಿರುಬೆರಳು ಎಷ್ಟು ಎಳೆದರೂ ಎಟುಕಲಿಲ್ಲ. ಒಂದಲ್ಲ ಎರಡಲ್ಲ, ಹಲವು ಸಲ ನೋಡಿದರು. ಕೊನೆಗೆ ಗಿಟಾರನ್ನು ಹಿಂದಕ್ಕೆ ಕೊಟ್ಟರು. ಅತ್ತೆ ಮಾತಿಲ್ಲದೆ ಕೂತದ್ದನ್ನು ಹಲ್ಲಕ್ಕ ಆವತ್ತೇ ಮೊದಲು ನೋಡಿದ್ದು.

"ನನ್ನದೇ ಬೇಕು. ಅದರ ಕುತ್ತಿಗೆ ನನ್ನ ಕೈಗೆ ಸರಿ" ಎಂದರು ಆಮೇಲೆ.

ಯಜಮಾನರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ. ರಿಹರ್ಸಲ್ ದಿನ ಗಿಟಾರು ತಂದರೆ ಕುರ್ಚಿ ನಿಮ್ಮದು. ತರಲಿಲ್ಲ ಅಂದ್ರೆ ಬೇರೆಯವನಿಗೆ ಹೇಳಿಟ್ಟಿದ್ದೀನಿ, ಅವನು ಕೂರ್ತಾನೆ."

ಅವರು ಹೋದ ಮೇಲೆ ಗಿಟಾರು ಕೆಳಗಿಳಿಯಿತು. ಸುತ್ತಿದ್ದ ಹಾಸಿಗೆ ಬಟ್ಟೆ ಬಿಚ್ಚಿದಾಗ ಹಲ್ಲಕ್ಕ ಬೆರಗಾದಳು. ಪಿಟೀಲಿನ ಹಾಗೆ ಎದೆ ಉಬ್ಬಿದ, ಜೇನಿನ ಬಣ್ಣದ ಎಲೆಕ್ಟ್ರಿಕ್ ಗಿಟಾರು. ಮರದಲ್ಲಿ ಒಂದು ಬಿರುಕಿಲ್ಲ. ಆದರೆ ತಂತಿಗಳನ್ನು ಹಿಂದಿನಿಂದ ಹಿಡಿದಿಡುವ ಲೋಹದ ಬಾಲ ಅರ್ಧವೇ ಇತ್ತು. ತಂತಿ ಬಿಗಿಸುವ ಬಿರಡೆಗಳಿಗೆ ತಿರುಗಿಸುವ ಗುಂಡಿಗಳಿರಲಿಲ್ಲ. ತಂತಿಯ ಕಂಪನವನ್ನು ಕರೆಂಟು ಮಾಡಿ ಕಳಿಸುವ ಪಿಕಪ್ಪು ಸತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಉಬ್ಬಿದ ಎದೆಯ ಮೇಲೆ ನಿಂತು ಆರೂ ತಂತಿಗಳನ್ನು ಹೊರುವ ಮರದ ಕುದುರೆಯೇ ನಾಪತ್ತೆ.

"ಗುಂಡಿಗಳೆಲ್ಲ ಎಲ್ಲಿ ಹೋದವು ಅತ್ತೆ?"

"ನಿನ್ನ ಗಂಡನ್ನೇ ಕೇಳು. ಕಿತ್ತು ಕಿತ್ತು ಆಟದ ಗಾಡಿಗೆ ಚಕ್ರ ಮಾಡ್ಕೊಂಡ ಮಹಾರಾಯ."

ಮಹಾರಾಯ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಜಾರಿಕೊಂಡ. ಹಲ್ಲಕ್ಕ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳು ಹೋಗಿ ಕೇಳಿದಾಗ ವಾದ್ಯದ ಅಂಗಡಿಯಾತ ಈ ಮಾದರಿಯ ಭಾಗಗಳು ಈಗ ಎಲ್ಲೂ ಬರುವುದಿಲ್ಲ ಎಂದು ಪಾಪ ನಾಲ್ಕು ಕಡೆ ಫೋನು ಮಾಡಿ ವಿಚಾರಿಸಿಯೇ ಹೇಳಿದ್ದ. ಆದರೆ ಇರುವುದನ್ನು ನೋಡಿ ಇಲ್ಲದ್ದನ್ನು ಮಾಡುವುದೇ ತನ್ನ ಹೊಟ್ಟೆಪಾಡಲ್ಲವೇ ಎಂದು ಅವಳಿಗೆ ಅನ್ನಿಸಿತು. ಹಲ್ಲಿಲ್ಲದ ಬಾಯಿ ಎಷ್ಟು ನೋಡಿಲ್ಲ!

"ನಾನು ಮಾಡ್ತೀನಿ ಅತ್ತೆ."

"ಮಾಡು. ಆದ್ರೆ ಅದಕ್ಕೆ ಹಲ್ಲು ಇಟ್ಟುಬಿಟ್ಟೀಯ, ಜೋಕೆ!"

ಮೊದಲು ಲೋಹದ ಬಾಲ. ಮುರಿದ ಅರ್ಧವನ್ನು ನೋಡಿಕೊಂಡು ಇಲ್ಲದ ಅರ್ಧವನ್ನು ಮೇಣದಲ್ಲಿ ಮಾಡಿ, ಹಲ್ಲಿನ ಕಂಬಿಗೆ ಬಳಸುವ ಲೋಹವನ್ನೇ ಕರಗಿಸಿ ಎರಕ ಹೊಯ್ದಳು. ಗುಂಡಿಗಳಿಗೆ ಸೆಟ್ಟಿನ ಒಸಡು ಮಾಡುವ ಪ್ಲಾಸ್ಟಿಕ್ ಪುಡಿ ಇತ್ತು. ಗಟ್ಟಿಯಾಗಿ, ನುಣುಪಾಗಿ, ಚೆಂದವಾಗಿಯೇ ಬಂದವು. ಬಣ್ಣ ಮಾತ್ರ ಅಚ್ಚ ಗುಲಾಬಿ.

"ಇದೇನೇ ಇದು! ಗಿಟಾರಿಗೆ ಒಸಡು ಬಂದುಬಿಟ್ಟಿದೆ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಬಣ್ಣದಲ್ಲಿ ಮಾಡಿಕೊಡುತ್ತೇನೆಂದರೆ ಖಡಾಖಂಡಿತ ಬೇಡ ಎಂದರು. ಪಿಕಪ್ಪನ್ನು ಎದುರುಮನೆಯ ಮೋಟಾರು ವೈಂಡಿಂಗಿನವನು ತೆಗೆದುಕೊಂಡು ಹೋದ. "ಅಕ್ಕಾ, ಇದು ತಂತೀನೋ ಕೂದಲೋ?" ಎಂದು ದಿನವೆಲ್ಲ ಗೊಣಗುತ್ತಾ, ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಸುರುಳಿ ಸುತ್ತಿದ. ಪಕ್ಕದಲ್ಲಿ ಹೆಂಡತಿ ಸೀನಿದ್ದಕ್ಕೆ ಒಂದು ಜಗಳವೂ ಆಯಿತಂತೆ. ಅಂತೂ ಪಿಕಪ್ಪಿಗೆ ಜೀವ ಬಂತು.

ಉಳಿದದ್ದು ಕುದುರೆ. ಬಡಗಿಯಿಂದ ಗಟ್ಟಿ ಕಪ್ಪು ಮರದ ಒಂದು ತುಂಡು ತಂದಳು. ಕುದುರೆಯ ಪಾದ ಆ ಉಬ್ಬಿನ ಮೇಲೆ ಕೂದಲೆಳೆಯ ಸಂದೂ ಇಲ್ಲದೆ ಕೂರಬೇಕು, ಇಲ್ಲದಿದ್ದರೆ ನಾದ ಸತ್ತುಹೋಗುತ್ತದೆ. ಇದು ಹಲ್ಲಕ್ಕನ ದಿನನಿತ್ಯದ ಕೆಲಸ. ಹೊಸ ಹಲ್ಲು ಎಲ್ಲಿ ಎತ್ತರವಾಗಿದೆ ಎಂದು ತಿಳಿಯಲು ಹಲ್ಲಿನ ನಡುವೆ ಒಂದು ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ, ಎತ್ತರದ ಜಾಗಕ್ಕೆ ಬಣ್ಣ ಹತ್ತುತ್ತದೆ. ಅದೇ ಕಾಗದವನ್ನು ಗಿಟಾರಿನ ಎದೆಯ ಮೇಲೆ ಹಾಸಿ, ಕುದುರೆಯನ್ನು ಒತ್ತಿ, ನೀಲಿ ಹತ್ತಿದ ಕಡೆ ಉಜ್ಜಿದಳು. ಮತ್ತೆ ಇಟ್ಟಳು, ಮತ್ತೆ ಉಜ್ಜಿದಳು. ಪಾದದ ತುಂಬ ಒಂದೇ ಸಮನೆ ನೀಲಿ ಹತ್ತಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವುದನ್ನೂ ಕೂರಿಸಿರಲಿಲ್ಲ.

ಅತ್ತೆ ಅವತ್ತು ವೇದಿಕೆಗೆ ಒಪ್ಪುವಂತೆ ಕೂದಲು ಕತ್ತರಿಸಿಕೊಂಡು ಬರಲು ಹೋಗಿದ್ದರು. ಬರುವಷ್ಟರಲ್ಲಿ ಮುಗಿಸಿ ಬೆರಗುಗೊಳಿಸಬೇಕೆಂದು ಹಲ್ಲಕ್ಕ ಕುದುರೆಯನ್ನು ಹಳೆಯ ಗುರುತಿನ ಜಾಗದಲ್ಲಿಟ್ಟು, ಹಲ್ಲಿಗೆ ಹಾಕುವ ಅಂಟು ಹಾಕಿ, ಅಲ್ಲಾಡದಂತೆ ಭದ್ರವಾಗಿ ಕೂರಿಸಿಬಿಟ್ಟಳು!

ಅತ್ತೆ ಬಂದು ಹೊಸ ತಂತಿ ಬಿಗಿದು, ಎಲ್ಲೂ ಬೆರಳೊತ್ತದೆ ಬಿಡಿ ತಂತಿಗಳನ್ನು ಮೀಟಿದರು. ಕೋಣೆ ತುಂಬುವ ಹಾಗೆ ದುಂಡಗಿನ ನಾದ. ಅವರ ಕಣ್ಣು ತುಂಬಿಬಂತು. ಆಮೇಲೆ ಬೆರಳು ಕುತ್ತಿಗೆಯ ಮೇಲೆ ಏರುತ್ತಾ ಹೋದಂತೆ ಸ್ವರ ಶ್ರುತಿ ತಪ್ಪಿ ಹುಳಿಯಾಗತೊಡಗಿತು. ಇನ್ನೂ ಮೇಲೆ ಹೋದರೆ ಕಿವಿ ಮುಚ್ಚಿಕೊಳ್ಳಬೇಕು. ಅತ್ತೆ ಕುದುರೆಯನ್ನು ಹೆಬ್ಬೆರಳಿನಿಂದ ತಳ್ಳಿ ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಇದನ್ನ ಅಂಟಿಸಿಬಿಟ್ಯಾ?"

"ಅಂಟಿಸದೆ ಇದ್ರೆ ಅಲ್ಲಾಡಲ್ವಾ ಅತ್ತೆ?"

"ಅಲ್ಲಾಡಬೇಕು ಕಣೇ! ಇದರ ಕುದುರೇನ ಅಂಟಿಸೋದೇ ಇಲ್ಲ. ತಂತಿ ಬಿಗಿದಾಗ ಆ ಭಾರಕ್ಕೇ ನಿಲ್ಲುತ್ತೆ. ಶ್ರುತಿ ಸರಿಹೋಗೋವರೆಗೂ ಆಚೆ ಈಚೆ ಸರಿಸಿ ಸರಿಸಿ ಜಾಗ ಹುಡುಕಬೇಕು. ತಂತಿ ಹೊಸದಾದ್ರೆ ಜಾಗಾನೂ ಬದಲಾಗುತ್ತೆ."

ಹಲ್ಲಕ್ಕ ಅಂಟಿನ ಡಬ್ಬಿಯ ಕಡೆ ನೋಡಿದಳು. ಬಾಯಿಯಲ್ಲಿ ಹತ್ತು ವರ್ಷ ಜಗ್ಗದಿರಲಿ ಎಂದು ಮಾಡಿದ ಅಂಟು ಅದು. ಎಳೆದು ಕಿತ್ತರೆ ಗಿಟಾರಿನ ಎದೆಯ ಮರವೇ ಚಕ್ಕೆ ಎದ್ದು ಬರುತ್ತದೆ. ರಿಹರ್ಸಲಿಗೆ ಇನ್ನು ದಿನವೂ ಹೆಚ್ಚಿಲ್ಲ. ಅತ್ತೆ ಬಯ್ಯಲಿಲ್ಲ. ಹೊಸದಾಗಿ ಕತ್ತರಿಸಿದ ಕೂದಲನ್ನು ಕೈಯಿಂದ ನೇವರಿಸಿಕೊಳ್ಳುತ್ತಾ, "ಹೋಗ್ಲಿ ಬಿಡು, ಇಷ್ಟಾದ್ರೂ ಆಯ್ತಲ್ಲ" ಎಂದು ಒಳಗೆ ಹೋಗಿ ಮಲಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಲ್ಲಕ್ಕ ಮೇಜಿನ ಮುಂದೆ ತಲೆಗೆ ಕೈಕೊಟ್ಟು ಕೂತಳು. ತನ್ನ ಮಂತ್ರವೇ ತನಗೆ ತಿರುಮಂತ್ರವಾಯಿತಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬುದ್ಧಿಯೂ ಓಡಿತು. ಬಾಯಿಯಲ್ಲಿ ಅಂಟಿಸಿದ ಕ್ಯಾಪು ಬರದಿದ್ದರೆ ವೈದ್ಯರು ಅದನ್ನು ಎಳೆಯುವುದಿಲ್ಲ. ಕ್ಯಾಪನ್ನೇ ಮೇಲಿನಿಂದ ಕೊರೆದು ಕೊರೆದು ಪುಡಿ ಮಾಡುತ್ತಾರೆ. ಕ್ಯಾಪು ಹೋದರೆ ಹೋಗಲಿ, ಒಳಗಿನ ಹಲ್ಲು ಉಳಿಯಬೇಕು.

ಅವಳು ಮೋಟಾರು ಕೈಗೆತ್ತಿಕೊಂಡಳು. ಜೀವಮಾನದಲ್ಲೇ ಅತಿ ಚೆನ್ನಾಗಿ ಮಾಡಿದ ಕೆಲಸವನ್ನು ತನ್ನ ಕೈಯಾರೆ ಅರೆಯುತ್ತಾ ಹೋದಳು. ಕಪ್ಪು ಧೂಳು ಮೂಗಿಗೂ ಹುಬ್ಬಿಗೂ ಮೆತ್ತಿತು. ಕುದುರೆ ಬೆರಳಷ್ಟಾಯಿತು, ಎಲೆಯಷ್ಟಾಯಿತು, ಕಾಗದದಷ್ಟಾಯಿತು. ಕೊನೆಯ ಪದರವನ್ನು ಮೇಣದ ಚಾಕು ಬಿಸಿಮಾಡಿ ಹದವಾಗಿ ಕೆರೆದಳು. ಬಟ್ಟೆಯಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಜೇನು ಬಣ್ಣದ ಮೆರುಗು ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. "ಅತ್ತೇ!" ಎಂದು ಕೂಗಿದ ಕೂಗಿಗೆ ಎದುರುಮನೆಯ ವೈಂಡಿಂಗಿನವನೂ ಓಡಿಬಂದ.

ಎರಡನೆಯ ಕುದುರೆಯ ಪಾದಕ್ಕೂ ನೀಲಿ ಚೆನ್ನಾಗಿಯೇ ಹತ್ತಿತು. ಈ ಸಲ ಅಂಟಿನ ಡಬ್ಬಿಯನ್ನು ಗಂಡ ಎಲ್ಲೋ ಬಚ್ಚಿಟ್ಟಿದ್ದ. ತಂತಿ ಬಿಗಿದ ಮೇಲೆ ಅತ್ತೆ ಕುತ್ತಿಗೆಯ ನಡುಮಧ್ಯೆ ತಂತಿಗೆ ಬೆರಳು ಸೋಕಿಸಿ ಒಮ್ಮೆ, ಅದೇ ಜಾಗದಲ್ಲಿ ಒತ್ತಿ ಹಿಡಿದು ಒಮ್ಮೆ ಮೀಟುತ್ತಿದ್ದರು. ಎರಡು ಸ್ವರವೂ ಒಂದೇ ಆಗುವವರೆಗೆ ಹಲ್ಲಕ್ಕ ಕುದುರೆಯನ್ನು ಸರಿಸಬೇಕು.

"ಒಂದು ಚೂರು ಹಿಂದೆ. ಅಯ್ಯೋ, ಅಷ್ಟಲ್ಲ! ನನ್ನ ಕಡೆಗೆ. ಆಂ... ಹಾಂ, ಬಿಡು, ಬಿಡು, ಮುಟ್ಟಬೇಡ!"

ಕೈಯಿಂದ ಅತ್ತಿತ್ತ ಸರಿಯುವ ವಸ್ತುವೊಂದನ್ನು ಇದೇ ಸರಿ ಎಂದು ಬಿಟ್ಟು ಬರುವುದು ಹಲ್ಲಕ್ಕನಿಗೆ ಹೆರಿಗೆಗಿಂತ ಕಷ್ಟವಾಯಿತು.

ರಿಹರ್ಸಲಿಗೆ ಹೋದಾಗ ಕುರ್ಚಿಯಲ್ಲಿ ಆಗಲೇ ಒಬ್ಬ ಕೂತಿದ್ದ. ಅತ್ತೆ ಅವನ ಪಕ್ಕದಲ್ಲಿ ನಿಂತೇ ಒಂದೆರಡು ಸಾಲು ನುಡಿಸಿದರು. ಅವನು ತಾನಾಗಿಯೇ ಎದ್ದು, ಕುರ್ಚಿಯನ್ನು ತನ್ನ ಕರವಸ್ತ್ರದಿಂದ ಒರೆಸಿಕೊಟ್ಟ. ಯಜಮಾನರಿಗೆ ಖುಷಿಯೇ ಆಯಿತು, ಒಳಗೊಂದು ಅಳುಕೂ ಇತ್ತು. ಇಷ್ಟು ವರ್ಷ ಬಿಟ್ಟ ಕೈ, ನಡುವೆ ಎಲ್ಲಾದರೂ ಸೋತರೆ? ಅತ್ತೆ ಒಬ್ಬರೇ ನುಡಿಸುವ ಭಾಗ ಹಿಂದೆಲ್ಲ ಮನಸ್ಸು ತುಂಬುವವರೆಗೂ ಸಾಗುತ್ತಿತ್ತು. ಅದನ್ನು ಯಜಮಾನರು ಹಾಡಿನ ಒಂದೇ ಒಂದು ಸುತ್ತಿಗೆ ಇಳಿಸಿದರು. "ಒಂದು ಸುತ್ತು ಸಾಕು, ಆಮೇಲೆ ನಾನು ಊದ್ತೀನಿ" ಎಂದರು. ಅತ್ತೆ ಹೂಂ ಎಂದರು.

ಡಾನ್ಸ್ ಹಾಲು ತೆರೆದ ಸಂಜೆ ಕಾಲಿಡಲು ಜಾಗವಿರಲಿಲ್ಲ. ಹೊಸ ಬಣ್ಣದ ವಾಸನೆ, ಉಜ್ಜಿದ ಮರದ ನೆಲ, ಗೋಡೆಗೆ ಒತ್ತಿಕೊಂಡು ನಿಂತ ಜನ. ಹಲ್ಲಕ್ಕ ಗಂಡನ ಜೊತೆ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಅಪರೂಪಕ್ಕೆ ಯಾರ ಬಾಯನ್ನೂ ನೋಡುತ್ತಿರಲಿಲ್ಲ. ಬ್ಯಾಂಡು ಶುರುವಾಯಿತು, ಜೋಡಿಗಳು ನೆಲಕ್ಕಿಳಿದರು, ಆಮೇಲೆ ಅತ್ತೆಯ ಸರದಿ ಬಂತು. ಮಿಕ್ಕ ವಾದ್ಯಗಳೆಲ್ಲ ದನಿ ತಗ್ಗಿಸಿದವು.

ಮೊದಲ ನಾಲ್ಕು ಸ್ವರ ಮೆಲ್ಲಗೆ, ನೆಲ ಗಟ್ಟಿಯಿದೆಯೇ ಎಂದು ನೋಡಿಕೊಳ್ಳುವ ಹಾಗೆ ಬಂದವು. ಗಟ್ಟಿಯಿತ್ತು. ಅಲ್ಲಿಂದಾಚೆ ಆ ಸಣ್ಣ ಕೈ ಕುತ್ತಿಗೆಯ ಮೇಲೆ ಏರಿತು, ಇಳಿಯಿತು, ಮತ್ತೆ ತುದಿಯವರೆಗೂ ಏರಿತು. ಒಂದು ಸ್ವರವೂ ಹುಳಿಯಾಗಲಿಲ್ಲ. ಕುಣಿಯುತ್ತಿದ್ದ ಜೋಡಿಗಳು ಒಬ್ಬೊಬ್ಬರಾಗಿ ಕುಣಿತ ನಿಲ್ಲಿಸಿ ವೇದಿಕೆಯ ಕಡೆ ತಿರುಗಿದರು. ಗಂಡ ಹಲ್ಲಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಮ್ಮ ಹೀಗೆ ನುಡಿಸುವುದನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಸುತ್ತು ಮುಗಿಯಿತು. ಮಾತಾದಂತೆ ಯಜಮಾನರು ಟ್ರಂಪೆಟ್ ಎತ್ತಿ ತುಟಿಗಿಟ್ಟರು. ಅತ್ತೆ ಅವರನ್ನು ನೋಡಿ, ಕೈ ನಿಲ್ಲಿಸದೆಯೇ, ಇಲ್ಲ ಎಂದು ತಲೆಯಾಡಿಸಿದರು. ಮತ್ತೆ ಮೊದಲಿನಿಂದ ಹಿಡಿದರು, ಈ ಸಲ ಇನ್ನೂ ಬಿರುಸಾಗಿ. ಯಜಮಾನರು ಗಲಿಬಿಲಿಗೊಂಡು ಡ್ರಮ್ಮಿನವನ ಮುಖ ನೋಡಿದರು. ಎರಡನೆಯ ಸುತ್ತಿನ ಕೊನೆಗೆ ಮತ್ತೆ ಟ್ರಂಪೆಟ್ ಎತ್ತಿದರು.

ಮನೆಯಲ್ಲಿ ಅತ್ತೆಯ ಮುಂದೆ ದನಿ ಎತ್ತಿ ಮಾತಾಡಿದವಳಲ್ಲ ಹಲ್ಲಕ್ಕ. ಅಷ್ಟು ಜನರ ನಡುವೆ ಅವಳಿಗೆ ಏನಾಯಿತೋ, ಎರಡೂ ಕೈ ಬಾಯಿಗಿಟ್ಟುಕೊಂಡು ಗಂಟಲು ಹರಿಯುವ ಹಾಗೆ ಕೂಗಿದಳು: "ಬಿಟ್ಟುಕೊಡಬೇಡಿ ಅತ್ತೇ!"

ಹಾಲಿಗೆ ಹಾಲೇ ಹೋ ಎಂದಿತು. ಯಜಮಾನರು ನಗುತ್ತಾ ಟ್ರಂಪೆಟ್ಟನ್ನು ಕುರ್ಚಿಯ ಮೇಲೆ ಮಲಗಿಸಿ, ಕೈಕಟ್ಟಿ ನಿಂತರು. ಅತ್ತೆ ಮೂರನೆಯ ಸುತ್ತಿಗೆ ಕೈ ಹಾಕಿದರು.