ನಾಳೆಯಮ್ಮ ವಾಪಸ್ ಬರುತ್ತಾಳೆಂಬುದಕ್ಕೆ ಪುರಾವೆ

ಜೆರಾಕ್ಸ್ ಅಂಗಡಿಯ ಎದುರಿಗೆ ಒಂದೇ ಬಾಗಿಲಿನ ಹೊಲಿಗೆ ಅಂಗಡಿ. ಅದರ ಸಾರ್ವಭೌಮೆಗೆ ಹೆತ್ತವರು ಯಾವ ಹೆಸರಿಟ್ಟಿದ್ದರೋ, ಬೀದಿ ಇಟ್ಟ ಹೆಸರು ಮಾತ್ರ ನಾಳೆಯಮ್ಮ. ಬಟ್ಟೆ ಆಯಿತಾ ಎಂದು ಯಾರೇ ಕೇಳಲಿ, ತುಟಿಯಲ್ಲಿ ಕಚ್ಚಿದ ಗುಂಡುಸೂಜಿ ಅಲುಗದಂತೆ "ನಾಳೆ ಬನ್ನಿ" ಎನ್ನುವ ವಿದ್ಯೆ ಆಕೆಗೆ ಕರಗತವಾಗಿತ್ತು. ಸ್ಕೂಲಿಗೆ ಹಾಕಿಕೊಳ್ಳಲೆಂದು ಲಂಗದ ಬಟ್ಟೆ ಕೊಟ್ಟುಹೋದ ಹುಡುಗಿಯೊಬ್ಬಳು ಕೊನೆಗೆ ಅದನ್ನು ತನ್ನ ಮಗಳ ಅಳತೆಗೆ ಹೊಲಿಸಿಕೊಂಡು ಹೋದದ್ದೂ ಉಂಟು. ಆದರೂ ಗಿರಾಕಿಗಳು ಬೇರೆಡೆಗೆ ಹೋಗುತ್ತಿರಲಿಲ್ಲ. ಆಕೆ ಹಾಕಿದ ಹೊಲಿಗೆ ಅಂಥದ್ದು, ಬಟ್ಟೆ ಹರಿದರೂ ಅದು ಬಿಚ್ಚುತ್ತಿರಲಿಲ್ಲ.

ಇಂಥ ನಾಳೆಯಮ್ಮನಿಗೆ ಪರದೇಶದಲ್ಲಿ ನರ್ಸಾಗಿದ್ದ ಅಕ್ಕ ಫೋನು ಮಾಡಿದಳು. ತಾಯಿ ತೀರಿಕೊಂಡ ಮೇಲೆ ತಂಗಿಗೆ ಉಣ್ಣಿಸಿ, ಬೈದು, ಮಿಷಿನ್ನಿನ ಮುಂದೆ ಕೂರಿಸಿ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳು ಅವಳೇ. ಈಗ ಪೆನ್ಷನ್ ಎಣಿಸುವ ವಯಸ್ಸಿನಲ್ಲಿ ಮದುವೆಯಾಗಲು ಹೊರಟಿದ್ದಳು.

"ಮದುವೆ ಗೌನು ನೀನೇ ಹೊಲಿದು ತರಬೇಕು. ನೀನು ಪಕ್ಕದಲ್ಲಿ ಇಲ್ಲದೆ ನಾನಂತೂ ರಿಜಿಸ್ಟರಿಗೆ ಸಹಿ ಹಾಕೋಲ್ಲ," ಎಂದಳು ಅಕ್ಕ.

ಗೌನು ಹೇಳಿದ ದಿನಕ್ಕಿಂತ ಮೊದಲೇ ಸಿದ್ಧವಾಯಿತು. ಬೀದಿಯ ಜನ ಸಾಲಾಗಿ ಬಂದು ಆ ಪವಾಡವನ್ನು ಮುಟ್ಟಿ ನೋಡಿ ಹೋದರು. ಇನ್ನು ಬಾಕಿ ಇದ್ದದ್ದು ವೀಸಾ ಒಂದೇ.

ಅರ್ಜಿ ತುಂಬಿಕೊಡುವವನು ಜೆರಾಕ್ಸ್ ಅಂಗಡಿಯವನು. ಕಂಪ್ಯೂಟರ್ ನೋಡುತ್ತಾ, "ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಪುರಾವೆ ಕೇಳ್ತಾ ಇದಾರಮ್ಮ," ಎಂದ.

"ಬರ್ತೀನಿ ಅಂತ ಬರಿ."

"ಬಾಯಿಮಾತು ಆಗಲ್ಲ. ಕೆಲಸ ಕೊಟ್ಟವರ ಹತ್ರ ರಜೆ ಪತ್ರ ತನ್ನಿ."

"ನನಗೆ ನಾನೇ ಯಜಮಾನಿ."

"ಹಾಗಾದ್ರೆ ನಿಮಗೆ ನೀವೇ ರಜೆ ಕೊಟ್ಕೊಳ್ಳಿ."

ನಾಳೆಯಮ್ಮ ತನಗೆ ತಾನೇ ರಜೆ ಮಂಜೂರು ಮಾಡಿ, ಈಕೆಯ ನಡತೆ ಉತ್ತಮ ಎಂದೂ ಸೇರಿಸಿ ಸಹಿ ಹಾಕಿದಳು.

"ಗಂಡ, ಮಕ್ಕಳು?"

"ಇಲ್ಲ."

"ಸ್ವಂತ ಮನೆ?"

"ಬಾಡಿಗೆ ಮನೆ."

ಅಂಗಡಿಯವನು ತಲೆ ಕೆರೆದುಕೊಂಡ. "ನಿಮ್ಮನ್ನ ಇಲ್ಲಿಗೆ ವಾಪಸ್ ಎಳೆಯೋವಂಥದ್ದು ಏನೂ ಇಲ್ಲ ಅಂತಾಗುತ್ತೆ, ಅವರ ಲೆಕ್ಕದಲ್ಲಿ."

ನಾಳೆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ಬೀದಿಯ ಸೊಂಟದ ಸುತ್ತಳತೆ ನಾಲಿಗೆಯ ತುದಿಯಲ್ಲಿರುವವಳಿಗೆ ಇಲ್ಲಿ ಏನೂ ಇಲ್ಲವಂತೆ. "ಗಂಡ ಇದ್ದವರೆಲ್ಲ ವಾಪಸ್ ಬರ್ತಾರಂತಾ? ಎಷ್ಟೋ ಜನ ದೇಶ ಬಿಟ್ಟು ಓಡೋದೇ ಅದಕ್ಕೆ. ಅಲ್ಲೇ ಕೂತುಬಿಡೋಕೆ ಅವರ ದೇಶಕ್ಕೇನು ಬಂಗಾರದ ಅಂಚು ಹೊಲಿದಿದಾರಾ? ಮದುವೆ ನೋಡಿ ಬರ್ತೀನಿ ಅಂದ್ರೆ ಕಳ್ಳೀನ ಕೇಳಿದ ಹಾಗೆ ಕೇಳ್ತಾರಲ್ಲ."

ಪ್ಯಾಂಟು ಆಯಿತಾ ಎಂದು ಕೇಳಲು ನಾಳೆಯಮ್ಮನನ್ನು ಹುಡುಕಿಕೊಂಡು ಬಂದಿದ್ದ ರಿಟೈರ್ಡ್ ಹೆಡ್‌ಮೇಷ್ಟ್ರು ಜೆರಾಕ್ಸ್ ಅಂಗಡಿಯ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ನೀನು ಬರದೆ ಇದ್ರೆ ನನ್ನ ಪ್ಯಾಂಟಿನ ಗತಿ ಏನು? ಕೊಡು ಒಂದು ಹಾಳೆ," ಎಂದರು. ಅಲ್ಲೇ ಕುಳಿತು ಬರೆದರು: ನನ್ನ ಬಟ್ಟೆ ಈಕೆಯ ಕಪಾಟಿನಲ್ಲಿದೆ, ಇನ್ನೂ ಕತ್ತರಿ ತಾಗಿಲ್ಲ, ಆದ್ದರಿಂದ ಈಕೆ ಮರಳಿ ಬರಲೇಬೇಕು. ಸುದ್ದಿ ಹಬ್ಬಿತು. ಬಟ್ಟೆ ಕೊಟ್ಟು ಕಾಯುತ್ತಿದ್ದ ಮಹಾಜನರೆಲ್ಲ ಬಂದು ಬರೆದರು. ಅಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಆ ಹಾಳೆಗಳಲ್ಲಿ ಶಿಫಾರಸ್ಸಾಗಿ ಹರಿಯಿತು.

"ಒಂದು ಹಾಳೆಯೂ ಉದುರಬಾರದು, ಎಲ್ಲ ಒಟ್ಟಿಗೆ ಸೇರಿಸಿ ತಗೊಂಡು ಹೋಗಿ," ಎಂದು ಜೆರಾಕ್ಸಿನವನು ಎಚ್ಚರಿಸಿದ್ದ. ಸ್ಟೇಪ್ಲರ್ ಮುಟ್ಟುವುದು ನಾಳೆಯಮ್ಮನ ವೃತ್ತಿಗೌರವಕ್ಕೆ ಕುಂದು. ಬ್ಯಾಂಕಿನ ಹಾಳೆ, ಅಕ್ಕನ ಆಮಂತ್ರಣ, ಮಹಾಜನರ ಪತ್ರ ಎಲ್ಲವನ್ನೂ ಜೋಡಿಸಿ, ಮಿಷಿನ್ನಿಗೆ ಕೊಟ್ಟು, ಎಡಗಡೆ ಜೋಡಿ ಹೊಲಿಗೆ ಹೊಡೆದು, ಅಂಚಿಗೆ ನೀಲಿ ಪಟ್ಟಿಯನ್ನೂ ಕಟ್ಟಿದಳು.

ವೀಸಾ ಕೇಂದ್ರದ ಕೌಂಟರಿನಲ್ಲಿದ್ದ ಹೆಂಗಸು ಅದನ್ನು ತಿರುಗಿಸಿ ನೋಡಿದಳು. "ಏನ್ ಮೇಡಂ ಇದು, ದಿಂಬಾ?"

"ಅರ್ಜಿ."

"ಒಂದೊಂದೇ ಹಾಳೆ ಸ್ಕ್ಯಾನ್ ಮಾಡಬೇಕು. ಬಿಚ್ಚಿ ಕೊಡಿ."

ಕತ್ತರಿಯನ್ನು ಗೇಟಿನಲ್ಲೇ ಕಿತ್ತಿಟ್ಟುಕೊಂಡಿದ್ದರು. ನಾಳೆಯಮ್ಮ ಮೂಲೆಯ ಕುರ್ಚಿಯಲ್ಲಿ ಕುಳಿತು ಹಲ್ಲಿನಿಂದ ದಾರ ಕಚ್ಚಿ ಎಳೆಯತೊಡಗಿದಳು. ಬಟ್ಟೆ ಹರಿದರೂ ಬಿಚ್ಚದ ಹೊಲಿಗೆ ತನ್ನನ್ನು ಹೊಲಿದವಳಿಗೂ ದಯೆ ತೋರಲಿಲ್ಲ. ಕೊನೆಯ ಹಾಳೆ ಬಿಡಿಸಿಕೊಂಡು ಎದ್ದಾಗ ಕೌಂಟರಿನ ಪರದೆ ಇಳಿಯುತ್ತಿತ್ತು.

"ಟೈಮ್ ಆಯ್ತು ಮೇಡಂ. ನಾಳೆ ಬನ್ನಿ."

ತನ್ನದೇ ಚಪ್ಪಲಿಯಿಂದ ಕೆನ್ನೆಗೆ ಬಿದ್ದಂತಾಯಿತು. ಸಂಜೆ ಮೇಷ್ಟ್ರು ಕಂಡಾಗ, "ಆ ಮಾತು ಅಷ್ಟು ಉರಿಯುತ್ತೆ ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ," ಎಂದಳು.

"ವರ್ಷಗಟ್ಟಲೆ ಹೇಳಿದೀವಿ. ನಿನ್ನ ಮಿಷಿನ್ನಿನ ಸದ್ದಿಗೆ ಕೇಳಿಸಿಲ್ಲ."

ಮರುದಿನ ತೂತುಬಿದ್ದ ಹಾಳೆಗಳನ್ನು ತೆಗೆದುಕೊಂಡರು. ಆಮೇಲೆ ಶುರುವಾದದ್ದು ಕಾಯುವ ಕೆಲಸ. ಎಷ್ಟು ಸಲ ಫೋನು ಮಾಡಿದರೂ ಪರಿಶೀಲನೆಯಲ್ಲಿದೆ ಎಂಬ ಒಂದೇ ಉತ್ತರ. ಮದುವೆಯ ದಿನವೂ ಬಂತು, ವೀಸಾ ಬರಲಿಲ್ಲ. ನಾಳೆಯಮ್ಮ ಗೌನಿನ ಮುಂದೆ ಕುಳಿತು ಅಕ್ಕನಿಗೆ ಫೋನು ಮಾಡಿದಳು.

"ಆ ಕಟುಕರು ಇನ್ನೂ ವೀಸಾ ಕೊಟ್ಟಿಲ್ಲ ಕಣೇ. ನೀನು ಬೇರೆ ಏನಾದ್ರೂ ಉಟ್ಕೊಂಡು ಸಹಿ ಹಾಕಿಬಿಡು."

"ನಾನು ಆವತ್ತೇ ಏನಂದಿದ್ದೆ? ಮದುಮಗ ಬೆಳಗ್ಗೇನೇ ಸೂಟು ಹಾಕ್ಕೊಂಡು ಬಾಗಿಲಿಗೆ ಬಂದಿದ್ರು. ನಾಳೆ ಬನ್ನಿ ಅಂತ ಕಳಿಸಿದೆ."

"ಅಯ್ಯೋ. ಯಾವ ನಾಳೆ ಅಂತ ಕೇಳಲಿಲ್ವಾ?"

"ಕೇಳಿದ್ರು. ನನ್ನ ತಂಗಿಯ ಗಿರಾಕಿಗಳನ್ನ ವಿಚಾರಿಸಿಕೊಳ್ಳಿ ಅಂದೆ."

ನಾಳೆಯಮ್ಮ ಅತ್ತಳೋ ನಕ್ಕಳೋ, ಅಂತೂ ಮೂಗೊರೆಸಿಕೊಂಡು ಎದ್ದು ಕಪಾಟು ತೆರೆದಳು. ಇಡೀ ಬೀದಿಯ ಋಣ ತೀರಿಸಿಯೇ ಬಿಡುವ ಆವೇಶದಲ್ಲಿ ಮೇಷ್ಟ್ರ ಪ್ಯಾಂಟಿನ ಬಟ್ಟೆ ಹಾಸಿ ಕತ್ತರಿ ಎತ್ತಿದಳು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಮೇಷ್ಟ್ರು ಓಡಿಬಂದು ಬಟ್ಟೆಯ ಮೇಲೆ ಎರಡೂ ಕೈ ಊರಿದರು.

"ತಾಯಿ, ವೀಸಾ ಬರೋವರೆಗೂ ಇದನ್ನ ಮುಟ್ಟಬೇಡ. ಇದಕ್ಕೆ ಕತ್ತರಿ ತಾಗಿಲ್ಲ ಅಂತ ನಾನು ಸಹಿ ಹಾಕಿ ಕೊಟ್ಟಿದೀನಿ."