ಬಣ್ಣದಡಿಯ ಎರಡು ಗೆರೆ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಂತಿರಲಿಲ್ಲ. ಉಳಿದವು ಮೊಂಡಾಗಿ, ಕರಿಗಟ್ಟಿ, ಅರ್ಧ ಕಬ್ಬಿಣವೇ ಆಗಿಹೋಗಿದ್ದವು. ಆ ಒಂದನ್ನು ಮಾತ್ರ ಜೋಳದ ಕಾಳಿನಷ್ಟು ಉದ್ದ ಬಿಟ್ಟು, ವಾರಕ್ಕೊಮ್ಮೆ ಸಣ್ಣ ಅರದಿಂದ ತಿಕ್ಕಿ ತುದಿಯನ್ನು ಸಪಾಟು ಮಾಡಿಕೊಳ್ಳುತ್ತಿದ್ದರು. ಕಪಾಟಿನ ಬಾಗಿಲು ತಿರುಗುವ ಬಿಜಾಗರಿಯೋ, ತೂಗುಮಂಚದ ಸರಪಳಿಯ ಬಳೆಯೋ ಕೈಗೆ ಬಂತೆಂದರೆ, ಕಣ್ಣಿಂದ ನೋಡುವ ಮೊದಲು ಸವೆದ ಜಾಗಕ್ಕೆ ಆ ಉಗುರು ಇಡುವರು. ತಗ್ಗಿನಲ್ಲಿ ಉಗುರು ಮುಳುಗಿದರೆ ಆ ಕಬ್ಬಿಣದ ಆಯುಷ್ಯ ಮುಗಿಯಿತೆಂದೇ ಲೆಕ್ಕ.

ಎಪ್ಪತ್ತರ ದಶಕದಲ್ಲಿ ನಾನು ಅಣ್ಣಿಗೇರಿಯಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟೆ. ವರ್ಗವಾಗಿ ಹೋಗುವ ನೌಕರರು, ಪಾಲಾಗುವ ಮನೆಗಳು ನನ್ನ ಬಂಡವಾಳ. ಕುರ್ಚಿ, ಮೇಜು, ಕಾಟು, ಕಪಾಟು ಏನಿದ್ದರೂ ಚೌಕಾಶಿ ಮಾಡಿ ತರುವುದು, ರಿಪೇರಿ ಮಾಡಿಸಿ ಮಾರುವುದು. ರಿಪೇರಿಗೆ ಇದ್ದವರು ಒಬ್ಬರೇ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದು, ಹತ್ತಿಯ ದೂಳಿಗೆ ಕೆಮ್ಮು ಹಿಡಿದ ಮೇಲೆ ಕೆಲಸ ಬಿಟ್ಟು, ಅದೇ ಜಿನ್ನಿನ ಗೋಡೆಗೆ ತಗಡು ಇಳಿಸಿಕೊಂಡು ಕೂತವರು. ನನಗೆ ಅವರು ಬಳಗವಲ್ಲ. ಊರಿಗೆಲ್ಲ ಬಿಜಾಗರಿ ಕಾಕಾ, ನನಗೂ ಕಾಕಾ.

ಸವೆತ ನೋಡಿ ಮನೆಯ ಸುದ್ದಿ ಹೇಳುವುದು ಅವರ ಚಟ. ಒಮ್ಮೆ ನಾನು ತಂದ ಆರಾಮ ಕುರ್ಚಿಯ ಮಡಚುವ ಕೀಲನ್ನು ತಡವಿ, "ಲೇ ಸಾವಕಾರ, ಇದರಾಗ ಕುಂದರತಿದ್ದ ಮನಶ್ಯಾಗ ಬಲಗಿವಿ ಕೇಳಸ್ತಿದ್ದಿಲ್ಲ ನೋಡು" ಅಂದರು.

"ಕುರ್ಚಿ ನಿಮ್ಮ ಕೂಡ ಮಾತಾಡತೈತೇನ್ರಿ ಕಾಕಾ?"

"ಎಡಗಡೆ ಕೀಲ ಅಷ್ಟ ಸವದೈತಿ. ದಿನಾ ಬಲಕ್ಕ ಹೊಳ್ಳಿ, ಎಡಗಿವಿ ಮುಂದ ಮಾಡಿ, ಭಾರೆಲ್ಲಾ ಎಡಕ್ಕ ಹಾಕಿ ಕುಂತಾನ. ಹೋಗಿ ಕೇಳ."

ಕುರ್ಚಿ ಮಾರಿದ್ದ ನಿವೃತ್ತ ತಲಾಟಿಯ ಜೊತೆ ನಾನು ಅರ್ಧ ದಿನ ಚೌಕಾಶಿ ಮಾಡಿದ್ದೆ. ಪ್ರತಿ ಮಾತಿಗೂ "ಆಂ? ಆಂ?" ಅಂದದ್ದು ಬೆಲೆ ಏರಿಸುವ ಉಪಾಯ ಎಂದುಕೊಂಡಿದ್ದೆ. ಹೋಗಿ ವಿಚಾರಿಸಿದರೆ, ಪಾಪ, ಆತನ ಬಲಗಿವಿ ನಿಜಕ್ಕೂ ಕಿವುಡು.

ಸವೆದದ್ದನ್ನು ಕೂಡಲೇ ಬಿಸಾಡುವುದು ಅವರ ಪದ್ಧತಿಯಲ್ಲ. ಮೊದಲು ಮಗ್ಗಲು ಬದಲಿಸುವರು. ಮೇಲಿನ ಬಿಜಾಗರಿ ಕೆಳಗೆ, ಕೆಳಗಿನದು ಮೇಲೆ. ತೂಗುಮಂಚದ ಸರಪಳಿ ನೇತಾಡುವ ಬಳೆ ಒಂದು ಕಡೆ ಸವೆದಿದ್ದರೆ, ಅದನ್ನು ತಿರುಗಿಸಿ ಸವೆಯದ ಕಡೆಗೆ ಭಾರ ಬೀಳುವಂತೆ ಕೂಡಿಸುವರು. ಹಾಗೆ ತಿರುಗಿಸಿದ ಗುರುತಿಗೆ ಅದರ ಮೈಮೇಲೆ ಅರದಿಂದ ಒಂದು ಗೆರೆ. ಎರಡನೆಯ ಮಗ್ಗಲೂ ಸವೆದು ಬಂದರೆ ಇನ್ನೊಂದು ಗೆರೆ. ಎರಡು ಗೆರೆ ಬಿದ್ದದ್ದಕ್ಕೆ ಮತ್ತೆ ಭಾರ ಹೊರಿಸುವ ಹಾಗಿಲ್ಲ. ಅದನ್ನು ತೆಗೆದು ಹೊಸದು ಹಾಕಿ, ಹಳೆಯದನ್ನು ದಾರದಲ್ಲಿ ಕಟ್ಟಿ ಮಾಲೀಕರ ಕೈಗೇ ಕೊಡುವರು. "ನಿಮ್ಮನಿದು, ನೀವ ಇಟಗೊಳ್ರಿ. ಎಲ್ಲೆ ಸವದೈತಿ ನೋಡ್ರಿ" ಎಂದು. ಆ ಗೆರೆಗಳ ಅರ್ಥ ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ತಗಡಿನ ಕೆಳಗೆ ಗಂಟೆಗಟ್ಟಲೆ ಕೂತ ನನಗೆ ತಿಳಿದಿತ್ತು. ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಶಲವಡಿಯ ಒಬ್ಬ ಗೌಡರು ಹೊಸದಾಗಿ ಪಡಸಾಲೆ ಕಟ್ಟಿಸಿದ್ದರು. ಮಗಳ ಕುಬಸಕ್ಕೆ ದಿನ ಗೊತ್ತಾಗಿತ್ತು. ತುಂಬು ಬಸುರಿಯನ್ನು ತೂಗುಮಂಚದ ಮೇಲೆ ಕೂರಿಸಿ ಆರತಿ ಮಾಡಬೇಕೆಂದು ಗೌಡರ ತಾಯಿಗೆ ಆಸೆ. ಕುಂದಗೋಳದ ಒಂದು ಮನೆಯಿಂದ ನಾನು ಆಗಷ್ಟೇ ಸಾಗವಾನಿ ತೂಗುಮಂಚ ತಂದಿದ್ದೆ. ಕಾಕಾ ನಾಲ್ಕೂ ಸರಪಳಿ ಇಳಿಸಿಕೊಂಡು ನೋಡಿದರು. ಮೂರು ಬಳೆ ತಿರುಗಿಸಿ ಒಂದೊಂದು ಗೆರೆ ಎಳೆದರು. ನಾಲ್ಕನೆಯದರ ಮೇಲೆ ಅವರೇ ಹಿಂದೆಂದೋ ಎಳೆದ ಗೆರೆ ಇತ್ತು. ಉಗುರು ಇಟ್ಟರು. ಮುಳುಗಿತು. ಇನ್ನೊಂದು ಗೆರೆ ಎಳೆದು ಪಕ್ಕಕ್ಕಿಟ್ಟರು.

"ಇದಕ್ಕ ತಕ್ಕ ಕಬ್ಬಿಣದ ಸಳಿ ನನ್ನ ಕಡೆ ಇಲ್ಲ. ಗದಗದಿಂದ ತರಸ್ಬೇಕು. ಶುಕ್ರವಾರ ಬಾ, ಬಡದ ಕೊಡ್ತೀನಿ."

"ಕುಬಸ ಗುರುವಾರ ಐತ್ರಿ ಕಾಕಾ."

"ಮತ್ತ ಗುರುವಾರ ಚಾಪಿ ಮ್ಯಾಲೆ ಕುಂದರಸ್ರಿ. ಚಾಪಿ ಹರದ ಬೀಳೂದಿಲ್ಲ."

ಗೌಡರು ಬೇರೆ ಕಡೆ ಹೋದರೆ ಗಿರಾಕಿ ಕೈ ತಪ್ಪುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ನಾಳೆ ನಾನ ಗದಗಿಗೆ ಹೊಂಟೀನ್ರಿ. ಅಲ್ಲೇ ಹೊಸಾ ಬಳಿ ಹಾಕಸ್ತೀನಿ" ಎಂದೆ. ಕಾಕಾ ನನ್ನ ಮುಖ ನೋಡಿ, "ಹಾಕಸ್ತೀ?" ಎಂದರು. "ಹಾಕಸ್ತೀನ್ರಿ" ಎಂದೆ. ನಂಬಿ, ಅಳತೆಗೆಂದು ಆ ಬಳೆಯನ್ನೂ ಸರಪಳಿಗಳ ಜೊತೆ ಕೊಟ್ಟರು.

ನಾನು ಗದಗಿಗೆ ಹೋಗಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ತಡೆದದ್ದು ಇನ್ನೊಂದಿಷ್ಟು ದಿನ ತಡೆದೀತು ಎಂದು ಆ ಬಳೆಯನ್ನೇ ಮತ್ತೆ ಸರಪಳಿಗೆ ಸೇರಿಸಿ, ನಾಲ್ಕಕ್ಕೂ ಕಪ್ಪು ಬಣ್ಣ ಹಚ್ಚಿದೆ. ಬಣ್ಣ ಒಣಗಿದಾಗ ಹೊಸ ಸರಪಳಿಯಂತೆ ಮಿಂಚಿತು. ಹಳೆಯ ಸಾಮಾನು ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ಹಳೆಯ ಕಬ್ಬಿಣಕ್ಕೆ ಹೊಸ ಬಣ್ಣ ಕಂಡರೆ ಬೆಲೆ ಕೇಳುವ ಮೊದಲು ಬಣ್ಣ ಕೆರೆದು ನೋಡಿ. ಮಾರುವವನು ನಾನೇ ಆಗಿದ್ದರೂ ಕೆರೆಯಿರಿ.

ಶಲವಡಿಗೆ ಚಕ್ಕಡಿಯಲ್ಲಿ ಒಯ್ದು ಇಳಿಸಿದಾಗ ಗೌಡರು ಸರಪಳಿ ಜಗ್ಗಿ, "ಗಟ್ಟಿ ಐತೇನೋ?" ಎಂದು ಕೇಳಿದರು.

"ಬಿಜಾಗರಿ ಕಾಕಾನ ಕೈಯಾಗ ಹೋಗಿ ಬಂದದ್ದರಿ ಇದು."

ಅಷ್ಟೇ ಸಾಕಾಯಿತು. ಗೌಡರು ಆಮೇಲೆ ಬೆಲೆಯನ್ನೂ ಎಳೆದಾಡಲಿಲ್ಲ. ಆ ದಿನ ನಾನು ಮಾರಿದ್ದು ತೂಗುಮಂಚವನ್ನಲ್ಲ, ಕಾಕಾನ ಹೆಸರನ್ನು.

ಕುಬಸ ಚೆನ್ನಾಗಿಯೇ ಆಯಿತು. ತಿಂಗಳೊಪ್ಪತ್ತು ಕಳೆದಿರಬೇಕು. ಒಂದು ಮಧ್ಯಾಹ್ನ ಮಗಳು ನೀರು ಕುಡಿಯಲು ಎದ್ದು ಹೋದಳಂತೆ. ಅವಳ ಜಾಗದಲ್ಲಿ ಗೌಡರ ತಾಯಿ ಹತ್ತಿಯ ಬತ್ತಿ ಹೊಸೆಯುತ್ತ ಕೂತಾಗ ನಾಲ್ಕನೆಯ ಬಳೆ ಹರಿಯಿತು. ಮುದುಕಿಯ ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯ ದವಾಖಾನೆಗೆ ಒಯ್ದರು.

ಗೌಡರು ಹರಿದ ಬಳೆ ಹಿಡಿದುಕೊಂಡು ಬಂದದ್ದು ನನ್ನ ಅಂಗಡಿಗಲ್ಲ, ಕಾಕಾನ ತಗಡಿನ ಕೆಳಗೆ. ನಾನು ಅಲ್ಲಿಯೇ ಚಹಾದ ಕಪ್ಪು ಹಿಡಿದು ಕೂತಿದ್ದೆ.

"ನಿಮ್ಮ ಕೈಯಾಗಿಂದು ಅಂತ ನಂಬಿ ತೊಗೊಂಡೆ ಕಾಕಾ. ನಮ್ಮವ್ವ ಹಾಸಗಿ ಹಿಡದಾಳ. ಅದರ ಮ್ಯಾಲೆ ನನ್ನ ಬಸರಿ ಮಗಳ ಕುಂತಿದ್ಲು, ಗೊತ್ತೈತೇನ್ರಿ ನಿಮಗ?"

ಕಾಕಾ ಬಳೆ ಕೈಗೆ ತೆಗೆದುಕೊಂಡರು. ಬಟ್ಟೆಯ ತುಂಡನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಜೋರಾಗಿ ತಿಕ್ಕಿ, ಉಗುರಿನಿಂದ ಕೆರೆದರು. ಕಪ್ಪು ಬಿಟ್ಟಿತು. ಅಡಿಯಿಂದ ಎರಡು ಗೆರೆ ಎದ್ದು ಬಂದವು. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ಬೆರಳು ಮಾಡಿ ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಅವರು ಗೌಡರ ಕಡೆ ತಿರುಗಿ, "ಇದು ನನ್ನ ಕೈ ಬಿಟ್ಟ ಹೋಗಬಾರದಿತ್ರಿ ಗೌಡ್ರ. ನಾನ ಕೊಟ್ಟ ಕಳಿಸೀನಿ. ತಪ್ಪ ನಂದ ಐತಿ" ಎಂದರು.

"ನಮ್ಮೂರವರ ಯಾರೂ ಇನ್ನ ನಿಮ್ಮ ಕಟ್ಟಿ ಹತ್ತೂದಿಲ್ಲ" ಎಂದು ಹೇಳಿ ಗೌಡರು ಹೋದರು. ನಾನು ಚಹಾದ ಕಪ್ಪು ಹಿಡಿದೇ ಕೂತಿದ್ದೆ. ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಳಿ ಮರೆಯಾದ ಮೇಲೆ, "ಕಾಕಾ, ಅದು..." ಎಂದೆ.

"ಚಹಾ ಆರತೈತಿ, ಕುಡಿ" ಎಂದರು. ಬಳೆಯನ್ನು ಪಕ್ಕಕ್ಕಿಟ್ಟು ಮತ್ತೆ ಅಂದರು: "ನನಗ ಹೇಳಿ ಏನ್ ಮಾಡ್ತೀ? ನನಗ ಗೊತ್ತ ಐತಿ. ಹೇಳೂದಿದ್ರ ಶಲವಡಿಗಿ ಹೋಗಿ ಹೇಳ."

ಶಲವಡಿ ದೊಡ್ಡ ಊರು, ಕಾಕಾನ ಅರ್ಧ ಕೆಲಸ ಅಲ್ಲಿಂದಲೇ ಬರುತ್ತಿತ್ತು. ಅದು ನಿಂತಿತು. ನನ್ನ ಅಂಗಡಿ ಮಾತ್ರ ನಿಲ್ಲಲಿಲ್ಲ. ಕಾಕಾ ನನ್ನ ಕೆಲಸವನ್ನೂ ಬಿಡಲಿಲ್ಲ. ಮೊದಲಿನಂತೆಯೇ ಮಾಡಿಕೊಡುವರು. ಕೊಡುವಾಗ ಮಾತ್ರ, "ಶಲವಡಿ ಕಡೆ ಹೋಗಿದ್ದೇನ?" ಎಂದು ಕೇಳುವರು. ಒಮ್ಮೆ, ಸುಗ್ಗಿ ಮುಗಿಯಲಿ ಎಂದೆ. ಇನ್ನೊಮ್ಮೆ, ಮುದುಕಿ ಎದ್ದು ಓಡಾಡುವಂತಾಗಲಿ ಎಂದೆ. ಮೂರನೆಯ ಸಲ ಏನು ಹೇಳಿದೆನೋ ನೆನಪಿಲ್ಲ. ನಾಲ್ಕನೆಯ ಸಲ ಅವರು ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ. ಕೇಳುತ್ತಿದ್ದಾಗ ನನಗೆ ಕಿರಿಕಿರಿಯಾಗುತ್ತಿತ್ತು. ಕೇಳುವುದು ಬಿಟ್ಟ ಮೇಲೆ ಅವರೆದುರು ಕೂರುವುದೇ ಕಷ್ಟವಾಯಿತು.

ಅವರ ಪದ್ಧತಿಯೂ ಬದಲಾಯಿತು. ಎರಡು ಗೆರೆ ಬಿದ್ದದ್ದನ್ನು ದಾರದಲ್ಲಿ ಕಟ್ಟಿ ಕೊಡುವುದು ಬಿಟ್ಟರು. ಉಳಿ ಇಟ್ಟು ಸುತ್ತಿಗೆಯಿಂದ ಎರಡು ತುಂಡು ಮಾಡಿ, ತುಂಡುಗಳನ್ನು ಕೊಡುವರು. ನಾನು ಎದುರಿಗಿದ್ದ ಒಂದು ದಿನ, ತೊಟ್ಟಿಲಿನ ಕೊಕ್ಕೆ ತಂದಿದ್ದ ಹೆಣ್ಣುಮಗಳೊಬ್ಬಳು, "ಯಾಕ್ರಿ ಕಾಕಾ, ಇದ್ದದ್ದನ್ನ ಕಡೀತೀರಿ? ಮತ್ತೊಂದಕ್ಕರ ಬರತಿತ್ತಲ್ಲ" ಎಂದಳು.

"ಹಳೇ ಕಬ್ಬಿಣದ ಮ್ಯಾಲೆ ಕರೀ ಬಣ್ಣಾ ಭಾಳ ಚಂದ ಕುಂದರತೈತವಾ, ಅದಕ್ಕ" ಎಂದರು ಕಾಕಾ. ಅವಳಿಗೆ ತಿಳಿಯದಿದ್ದರೂ ನಕ್ಕಳು. ನಾನು ನನ್ನ ಕಾಟಿನ ಕಾಲು ಎತ್ತಿಕೊಂಡು ಎದ್ದೆ.

ಒಂದು ಬೇಸಿಗೆಯಲ್ಲಿ ತಿರ್ಲಾಪುರದ ಮನೆಯೊಂದರ ಕಪಾಟಿಗೆ ಚೌಕಾಶಿ ಮಾಡುತ್ತಿದ್ದೆ. ಬಾಗಿಲು ತೆಗೆದರೆ ಒಳಗಿನ ಮೊಳೆಗೆ ದಾರದಲ್ಲಿ ಕಟ್ಟಿದ ಹಳೆಯ ಬಿಜಾಗರಿ ತೂಗುತ್ತಿತ್ತು. ಎರಡು ಗೆರೆ. ನನ್ನ ಅಂಗಡಿಗಿಂತ ಹಿಂದಿನ ಕಾಲದವು. "ಇದು ಅಣ್ಣಿಗೇರಿ ಬಿಜಾಗರಿ ಕಾಕಾ ಮಾಡಿದ್ದಲ್ರಿ?" ಎಂದು ಕೇಳಿದೆ. ಮನೆಯವರು, "ಹೌದ್ರಿ. ಹೋಗಿಬಿಟ್ಟರಂತಲ್ಲ ನಿನ್ನೆ, ಕೆಮ್ಮ ಹೆಚ್ಚಾಗಿ" ಎಂದರು. ಮೂರು ದಿನದಿಂದ ಊರೂರು ತಿರುಗುತ್ತಿದ್ದ ನನಗೆ ಸುದ್ದಿ ಮುಟ್ಟಿರಲಿಲ್ಲ. ಕಪಾಟು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆ. ತಗಡಿನ ಕೆಳಗೆ ಅರಗಳನ್ನೆಲ್ಲ ಯಾರೋ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು.

ಕಾಕಾ ತೀರಿದ ಒಂಬತ್ತನೆಯ ದಿನ ಶಲವಡಿಗೆ ಹೋದೆ. ಅವರು ಬದುಕಿದ್ದಾಗ ಒಂದೂವರೆ ತಾಸಿನ ದಾರಿ ನನಗೆ ವರ್ಷಗಟ್ಟಲೆ ದೂರವಾಗಿತ್ತು. ಗೌಡರು ಪಡಸಾಲೆಯಲ್ಲಿದ್ದರು. ಅವರ ತಾಯಿ ಕಂಬಕ್ಕೊರಗಿ ಕೂತಿದ್ದಳು, ಬಾಜುವಿನಲ್ಲಿ ಕೋಲು. ತೊಲೆಯಲ್ಲಿ ನಾಲ್ಕು ಕೊಕ್ಕೆ ಖಾಲಿ. ಒಂದನ್ನೂ ಮುಚ್ಚಿಡದೆ ಹೇಳಿದೆ. ಗೆರೆಯ ಅರ್ಥ, ಶುಕ್ರವಾರ ಬಾ ಅಂದದ್ದು, ಗದಗಿನ ಸುಳ್ಳು, ಬಣ್ಣ. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ. ಗೌಡರು ಎದ್ದು ಒಳಗೆ ಹೋದರು, ಹೊರಗೆ ಬರಲಿಲ್ಲ.

ಮುದುಕಿ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಮುಂಜಾನೆ ಎದ್ದ ಕಾಲ ಊರಿದಾಗೊಮ್ಮೆ ಅಂವಗ ಬೈದೀನೋ ತಮ್ಮಾ, ಇಷ್ಟ ವರ್ಷ. ಅಂವಾ ಇದ್ದಾಗ ಬಂದ ಹೇಳಿದ್ರ, ಚಕ್ಕಡಿ ಕಟ್ಟಿಸ್ಕೊಂಡ ಹೋಗಿ, ತಪ್ಪಾತೋ ಯಪ್ಪಾ ಅಂತಿದ್ದೆ. ಈಗ ಆ ಬೈಗಳಾ ಯಾರ ಕಡೆ ಹೋಗಿ ತಿರಗಿ ಇಸಗೊಳ್ಳಲಿ?"